ಕ್ಲಚ್ಚೋ ಕಾಲೋ

ಒಂದು ದಿನ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೊರಗೆ ಬರ್ತೀನಿ, ನಮ್ಮನೆಯವರು ಮೆಟ್ಟಿಲ ಮೇಲೆ ಕೂತು ತಮ್ಮ ಎಡಗಾಲನ್ನ ಬೈತಾ ಇದ್ದಾರೆ. ‘ಥೂ ನಿನ್ನ! ಬಲಗಡೆಯವನನ್ನ ನೋಡಿ ಕಲಿ. ಹೇಳಿದ ಕೆಲಸ ಹೇಳಿದ ಹಾಗೆ ಮಾಡ್ತಾನೆ. ನಿನಗೇನು ರೋಗ?’ ಅಂತ. ಬೀದೀಲಿ ಹೂವಿನವಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತು ನೋಡ್ತಿದ್ದಳು. ನಾನು ಲೋಟ ಕೈಗೆ ಕೊಟ್ಟು, ‘ಏನು ರೋಗ ಅಂತ ಡಾಕ್ಟ್ರು ಹೇಳಿದಾರಲ್ಲ, ಅದನ್ಯಾಕೆ ಕೇಳ್ತೀರ?’ ಅಂದೆ. ಅವರು ನಗಲಿಲ್ಲ. ಅವರೂ ಕಾಲೂ ಮಾತಾಡೋವಾಗ ನಾನು ಮಧ್ಯೆ ಬಾಯಿ ಹಾಕಿದ್ದು ಹಿಡಿಸಲಿಲ್ಲ ಅಂತ ಕಾಣುತ್ತೆ.

ರೋಗದ ಹೆಸರು ಸ್ಟ್ರೋಕು. ಹಿಂದಿನ ವರ್ಷ ಸಣ್ಣದಾಗಿ ಬಂದು ಹೋಗಿತ್ತು. ಬಂದು ಹೋಯ್ತು ಅನ್ನೋದು ನೆಂಟರಿಷ್ಟರಿಗೆ ನಾವು ಹೇಳ್ತಿದ್ದ ಮಾತು. ಬಂದದ್ದು ನಿಜ, ಪೂರ್ತಿ ಹೋಗಿರಲಿಲ್ಲ. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯ್ತು, ಎಡಗೈ ಬೇಗ ಸರಿಹೋಯ್ತು, ಕಾಲು ಮಾತ್ರ ನಿಧಾನ. ನಾನು ಸರ್ಕಾರಿ ಆಸ್ಪತ್ರೇಲಿ ನರ್ಸ್ ಆಗಿದ್ದು ರಿಟೈರ್ ಆದವಳು. ಇಂಥ ಕಾಲುಗಳನ್ನ ವಾರ್ಡಿನಲ್ಲಿ ಬೇಕಾದಷ್ಟು ನೋಡಿದೀನಿ. ಕೆಲವು ಪೂರ್ತಿ ವಾಪಸ್ ಬರ್ತವೆ, ಕೆಲವು ಅರ್ಧ ದಾರಿಗೆ ಬಂದು ನಿಂತ್ಬಿಡ್ತವೆ. ಯಾವುದು ಯಾವ ಜಾತಿ ಅಂತ ಮೊದಲೇ ಹೇಳೋಕೆ ಯಾರಿಂದಲೂ ಆಗಲ್ಲ. ಮನೆಯವರ ವಿಷಯಕ್ಕೆ ನರ್ಸ್ ಆಗಿರಬಾರದು ಅಂತ ನಾನೇ ಒಂದು ಗೆರೆ ಎಳ್ಕೊಂಡಿದ್ದೆ. ಮಾತ್ರೆ ಕೊಡ್ತಿದ್ದೆ, ಬಿ.ಪಿ. ನೋಡ್ತಿದ್ದೆ, ಅಷ್ಟೇ. ಫಿಸಿಯೋಥೆರಪಿಯವಳು ಬಂದು ಇವರ ಕಾಲೆತ್ತಿಸಿ ಇಳಿಸುವಾಗ ನಾನು ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸ್ತಾ ಕೂತ್ಕೊಳ್ತಿದ್ದೆ.

ಇವರಿಗೆ ಕಾಲು ಬೇಕಾಗಿದ್ದು ನಡೆಯೋದಕ್ಕಲ್ಲ. ನಡೆದು ಎಲ್ಲಿಗೆ ಹೋಗ್ತಿದ್ದರು, ಮಹಾ ಅಂದರೆ ಪೇಪರ್ ಅಂಗಡಿಗೆ. ಕಾಲು ಬೇಕಾಗಿದ್ದು ಕ್ಲಚ್ ಒತ್ತೋದಕ್ಕೆ. ಇವರು ಸರ್ಕಾರದ ಒಂದು ಇಲಾಖೇಲಿ ಡ್ರೈವರ್ ಆಗಿದ್ದವರು. ಜೀಪು, ಬಿಳೀ ಕಾರು, ಡಬಡಬ ಅನ್ನೋ ವ್ಯಾನು, ಕೊಟ್ಟದ್ದನ್ನೆಲ್ಲ ಓಡಿಸಿ ರಾಜ್ಯ ಪೂರ್ತಿ ಸುತ್ತಿದವರು. ಸರ್ವೀಸಿನಲ್ಲಿ ಒಂದು ಗಾಡಿಗೂ ಗೀರು ಬೀಳಿಸಿಲ್ಲ ಅನ್ನೋದು ಅವರಿಗಿದ್ದ ಒಂದೇ ಜಂಬ. ಬೇರೆ ವಿಷಯಕ್ಕೆ ಜಂಬಪಡೋ ಪೈಕಿ ಅಲ್ಲ. ಮಗಳು ಹೈಸ್ಕೂಲಲ್ಲಿದ್ದಾಗ ಒಂದು ಸಣ್ಣ ಸೆಕೆಂಡ್‌ಹ್ಯಾಂಡ್ ಕಾರನ್ನ ಸ್ವಂತಕ್ಕೆ ತಗೊಂಡರು. ಬೂದಿ ಬಣ್ಣದ್ದು. ಅಂಥದ್ದನ್ನ ತಯಾರು ಮಾಡೋದು ನಿಲ್ಲಿಸಿ ಯಾವ ಕಾಲ ಆಯ್ತೋ. ಮೊದಲ ದಿನ ನನ್ನನ್ನ ಪಕ್ಕ ಕೂರಿಸ್ಕೊಂಡು ಲಾಲ್‌ಬಾಗ್ ಸುತ್ತಿಸ್ತಾ, ‘ಹಿಂದಿನ ಸೀಟಲ್ಲಿ ಸಾಹೇಬರು ಇಲ್ಲದೆ ಓಡಿಸೋ ಸುಖಾನೇ ಬೇರೆ ಕಣೇ’ ಅಂದಿದ್ದರು. ನಾನು ಬಸ್ಸಿನವಳು. ಡ್ಯೂಟಿಗೆ ಹೋಗ್ತಿದ್ದದ್ದು ಬಸ್ಸಲ್ಲಿ, ಬರ್ತಿದ್ದದ್ದು ಬಸ್ಸಲ್ಲಿ, ಕಾರು ಕಲೀಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ. ಮಗಳು ಮಾತ್ರ ಇವರ ಹತ್ತಿರ ಇದೇ ಗಾಡೀಲಿ ಕಲಿತಳು.

ಸ್ಟ್ರೋಕ್ ಆದ ಮೇಲೆ ಡಾಕ್ಟ್ರು ಕೊನೆಗೂ ಓಡಿಸಬಹುದು ಅಂದ ದಿನ ಇವರು ಆಸ್ಪತ್ರೆಯಿಂದ ನೇರವಾಗಿ ಹೋಗಿ ಗಾಡಿ ತೊಳೆದರು. ಎಲ್ಲ ಚೆನ್ನಾಗೇ ಇತ್ತು. ಗಾಂಧಿ ಬಜಾರಿಗೆ, ಚಾಮರಾಜಪೇಟೆಯ ನಮ್ಮ ಅತ್ತಿಗೆ ಮನೆಗೆ, ವೈಯಾಲಿಕಾವಲ್‌ನಲ್ಲಿರೋ ಮಗಳ ಮನೆಗೆ ಹೋಗಿ ಬಂದ್ವಿ. ಆಮೇಲೆ ಶುರುವಾಯ್ತು. ಮೊದಲು ಸಿಗ್ನಲ್ಲಿನಲ್ಲಿ ಗಾಡಿ ಒಂದು ಸಲ ಎಗರಿ ಆಫ್ ಆಯ್ತು. ನಾನು ಮುಂದಿನ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟುಕೊಂಡೆ. ‘ಪೆಟ್ರೋಲಲ್ಲಿ ಕಸ’ ಅಂದರು. ಇನ್ನೊಂದು ಸಲ ಎಗರಿತು. ‘ರೋಡು ಸರಿ ಇಲ್ಲ’ ಅಂದರು. ಗೇರ್ ಹಾಕುವಾಗ ಕರ್ ಅಂತ ಸದ್ದು. ಅದಕ್ಕೆ ಏನೂ ಅನ್ನಲಿಲ್ಲ. ಆದರೆ ಮನೆಗೆ ಬಂದು ಕಾಲಿಗೆ ಕಟ್ಟಿ ಎಳೆಯೋ ರಬ್ಬರ್ ಬೆಲ್ಟು ತಗೊಂಡು ಕೂತರು. ಫಿಸಿಯೋಥೆರಪಿಯವಳು ಹೇಳಿದ್ದು ಬೆಳಿಗ್ಗೆ ಸಂಜೆ ಮಾತ್ರ. ಇವರು ಟೀವಿ ನೋಡ್ತಾ ಎಳೆಯೋರು, ಫೋನಿನಲ್ಲಿ ಮಾತಾಡ್ತಾ ಎಳೆಯೋರು. ಕ್ಲಚ್ ದಿನೇ ದಿನೇ ಗಟ್ಟಿ ಆಗ್ತಿದೆ ಅಂದರೆ ಕಾಲು ದಿನೇ ದಿನೇ ಸೋಲ್ತಿದೆ ಅಂತ ಇವರು ಲೆಕ್ಕ ಹಾಕ್ಕೊಂಡಿದ್ದರು. ಗಾಡಿ ಮೇಲೆ ಒಂದು ಎಳ್ಳಷ್ಟು ಅನುಮಾನ ಇಲ್ಲ ಮಹಾರಾಯರಿಗೆ. ಬಾನೆಟ್ ಎತ್ತಿ ನೋಡಲೂ ಇಲ್ಲ. ಸರ್ಕಾರಿ ಡ್ರೈವರುಗಳ ಅಭ್ಯಾಸ ಅದು. ಓಡಿಸೋದು ಇವರ ಕೆಲಸ, ಬಾನೆಟ್ಟಿನ ಕೆಳಗಿರೋದೆಲ್ಲ ಇಲಾಖೆಯ ವರ್ಕ್‌ಶಾಪಿನವರ ಕೆಲಸ.

ಗಾಂಧಿ ಬಜಾರಿನಲ್ಲಿ ಒಂದು ಶನಿವಾರ ಮುಂದಿದ್ದ ಆಟೋ ನಿಂತಿತು. ಇವರೂ ನಿಲ್ಲಿಸಿದರು. ಗೇರಿನಲ್ಲೇ ಕ್ಲಚ್ ಒತ್ತಿ ಹಿಡಿದಿದ್ದರು, ಕಾಲು ಜಾರಿತೋ ಸೋತಿತೋ, ಗಾಡಿ ಮುಂದಕ್ಕೆ ಒಂದೇ ಒಂದು ನೆಗೆತ ನೆಗೆದು ಆಟೋ ಪಕ್ಕದಲ್ಲಿದ್ದ ಸೀಬೆಹಣ್ಣಿನ ತಳ್ಳುಗಾಡಿಗೆ ಮುಟ್ಟಿತು. ಮುಟ್ಟಿತು ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಹಣ್ಣು ಮಾತ್ರ ಉರುಳಿಕೊಂಡು ರಸ್ತೆ ತುಂಬ ಹೋದವು. ನಾನು ಇಳಿದು ಸೆರಗು ಸಿಕ್ಕಿಸಿಕೊಂಡು ಆಯೋಕೆ ಶುರು ಮಾಡಿದೆ, ಹಿಂದಿನಿಂದ ಬಸ್ಸು ಹಾರನ್ ಮೇಲೆ ಹಾರನ್. ಹಣ್ಣಿನವನು ಒಳ್ಳೆಯವನೇ, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕಿಟಕಿ ಹತ್ತಿರ ಬಗ್ಗಿ ಬಹಳ ಮರ್ಯಾದೆಯಿಂದ, ‘ಯಜಮಾನ್ರೇ, ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ? ಯಾರಾದ್ರೂ ಹುಡುಗರನ್ನ ಇಟ್ಕೊಳ್ಳಿ, ಓಡಿಸ್ತಾರೆ’ ಅಂದ. ಜೀವಮಾನವೆಲ್ಲ ಬೇರೆಯವರು ಇಟ್ಟುಕೊಂಡ ಡ್ರೈವರ್ ಆಗಿದ್ದವರಿಗೆ ಈ ಮಾತು! ಇವರ ಕಿವಿ ಕೆಂಪಾಯ್ತು. ಮುಂದಿನ ಬಂಪರಿನ ಮೇಲೆ ಬೆರಳುದ್ದ ಗೀರು ಬಿದ್ದಿತ್ತು. ಮನೆಗೆ ಬಂದು ಅದರ ಮೇಲೆ ಎಂಜಲು ಹಚ್ಚಿ ಉಜ್ಜಿ ಉಜ್ಜಿ ನೋಡಿದರು.

ವಿಷಯ ಮಗಳ ಕಿವಿಗೆ ಹೇಗೆ ಹೋಯ್ತೋ ಗೊತ್ತಿಲ್ಲ. ಸುಳ್ಳು ಯಾಕೆ, ನಾನೇ ಹೇಳಿದೆ. ಭಾನುವಾರ ಬೆಳಿಗ್ಗೆ ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡೋಳು, ಮಾತು ಸುತ್ತಿ ಬಳಸಿ ಆಡಲ್ಲ. ಕೈ ಚಾಚಿ ‘ಅಪ್ಪಾ, ಕೀ ಕೊಡು’ ಅಂದಳು. ‘ಇವತ್ತು ಸೀಬೆಹಣ್ಣು. ನಾಳೆ ಸ್ಕೂಲ್ ಮಗು ಆದ್ರೆ?’ ಇವರು ಕೀ ಗೊಂಚಲನ್ನ ಜೇಬಿನಲ್ಲೇ ಮುಷ್ಟಿ ಹಿಡಿದು ಕೂತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು. ಅವಳು ಹೇಳ್ತಿರೋದು ಸರಿ, ಅದಕ್ಕೇ ಸಿಟ್ಟು. ಕೊನೆಗೆ ಇವರು ಅಂದರು. ‘ಒಂದ್ಸಲ ಮೆಕ್ಯಾನಿಕ್ ಹತ್ರ ತೋರಿಸ್ತೀನಿ. ಗಾಡೀದೇ ತೊಂದರೆ ಆದ್ರೆ ರಿಪೇರಿ ಮಾಡಿಸಿ ಓಡಿಸ್ತೀನಿ, ನೀನು ಮಾತಾಡಬಾರದು. ಕಾಲಿಂದೇ ಅಂತ ಆದ್ರೆ ಸ್ಟೀರಿಂಗ್ ಮುಟ್ಟಲ್ಲ.’ ಮಗಳು ನನ್ನ ಮುಖ ನೋಡಿದಳು. ನಾನು ಸರಿ ಅಂದ್ಬಿಡು ಅಂತ ಕಣ್ಣಲ್ಲೇ ಹೇಳಿದೆ. ಅಲ್ಲಿಗೆ ಇಡೀ ಮನೆ ಈ ಒಂದು ಪ್ರಶ್ನೆ ಮೇಲೆ ಬಂದು ನಿಂತಿತು. ಕ್ಲಚ್ಚೋ, ಕಾಲೋ.

ಅವಳು ಊಟ ಮಾಡಿಕೊಂಡು ಹೊರಟ ಮೇಲೆ ಇವರು ನನ್ನನ್ನ ಗಾಡಿ ಹತ್ತಿರ ಕರೆದರು. ಡ್ರೈವರ್ ಸೀಟಿನಲ್ಲಿ ಕೂರು ಅಂದರು. ಇಷ್ಟು ವರ್ಷದಲ್ಲಿ ನಾನು ಆ ಕಡೆ ಕೂತದ್ದೇ ಇಲ್ಲ. ಸ್ಟೀರಿಂಗು ಹೊಟ್ಟೆಗೆ ತಾಗ್ತಿತ್ತು. ‘ಎಡಗಡೆ ತುದೀದು, ಅದನ್ನ ಒತ್ತು’ ಅಂದರು. ಒತ್ತಿದೆ. ಹೋಗಲಿಲ್ಲ. ನನ್ನ ಕಾಲಿಗೆ ಏನೂ ಆಗಿಲ್ಲ, ದಿನಾ ಮೆಟ್ಟಿಲು ಹತ್ತಿ ಇಳಿಯೋ ಕಾಲು. ಸೀಟಿಗೆ ಬೆನ್ನು ಕೊಟ್ಟು ಹಲ್ಲು ಕಚ್ಚಿ ಒತ್ತಿದ ಮೇಲೆ ಕಿರ್ ಅಂತ ಅರ್ಧಕ್ಕೆ ಹೋಯ್ತು. ಕಾಲು ತೆಗೆದರೆ ಅದು ತಟ್ ಅಂತ ಮೇಲೆ ಬರಬೇಕಂತೆ, ಬರಲಿಲ್ಲ, ಯೋಚನೆ ಮಾಡ್ತಾ ನಿಧಾನಕ್ಕೆ ಬಂತು. ‘ಇದೇನ್ರೀ ಇದು, ಒರಳುಕಲ್ಲು ತಳ್ಳಿದ ಹಾಗಿದೆ!’ ಅಂದೆ. ‘ನಿನಗೂ ಗಟ್ಟಿನಾ?’ ಅಂದರು. ‘ನನಗೂ ಅಂದ್ರೆ? ಪೈಲ್ವಾನನಿಗೂ ಗಟ್ಟಿನೇ.’ ಇವರ ಮುಖ ನೋಡಬೇಕಿತ್ತು. ಹೆಂಡತಿಗೆ ಕಷ್ಟ ಆಯ್ತು ಅಂತ ಇಷ್ಟು ಖುಷಿಪಟ್ಟ ಗಂಡಸನ್ನ ನಾನು ಇನ್ನೊಬ್ಬನನ್ನ ಕಂಡಿಲ್ಲ. ಇನ್ನೊಂದ್ಸಲ ಒತ್ತು, ಮತ್ತೊಂದ್ಸಲ ಒತ್ತು ಅಂತ ನನ್ನ ಮೊಣಕಾಲು ನೋಯೋ ತನಕ ಒತ್ತಿಸಿದರು.

ಗ್ಯಾರೇಜು ಮಾವಳ್ಳಿಯ ಒಳಗಡೆ ಒಂದು ಓಣಿಯಲ್ಲಿದೆ. ಮೊದಲಿಂದ ನಮ್ಮ ಗಾಡಿ ಹೋಗೋದು ಅಲ್ಲಿಗೇ. ಮೆಕ್ಯಾನಿಕ್ಕು ನಡುವಯಸ್ಸಿನವನು, ಕೈ ಕೆಲಸ ಮಾಡುವಾಗಲೂ ಬಾಯಿಗೆ ರಜ ಇಲ್ಲ. ಕಿವಿಗೂ ಹೆಗಲಿಗೂ ಮಧ್ಯ ಫೋನು ಸಿಕ್ಕಿಸಿಕೊಂಡು, ‘ಬಂದ್ಬಿಟ್ಟೆ ಗುರು, ಐದೇ ನಿಮಿಷ’ ಅಂತ ಯಾರಿಗೋ ಸುಳ್ಳು ಹೇಳ್ತಾ ನಮ್ಮ ಗಾಡಿಯ ಬಾನೆಟ್ ಎತ್ತಿದ. ಮೊದಲು ‘ಕ್ಲಚ್ ಪ್ಲೇಟ್ ಹೋಗಿದೆ ಸರ್, ಇಳಿಸ್ಬೇಕು’ ಅಂದ. ಆಮೇಲೆ ‘ಇಲ್ಲ ಇಲ್ಲ, ತಾಳಿ’ ಅಂದ. ಟಾರ್ಚ್ ಬಿಟ್ಟು, ಕತ್ತು ಉದ್ದ ಮಾಡಿ ಒಳಗೆ ನೋಡಿ, ‘ಕೇಬಲ್ ಯಾರ್ ಸರ್ ಹಾಕಿದ್ದು ಹಿಂಗೆ? ಯಾವನಿಗೂ ಬುದ್ಧಿ ಇಲ್ಲ’ ಅಂತ ಬೈದ. ‘ನೀನೇ ಕಣಪ್ಪ ಹಾಕಿದ್ದು’ ಅಂದರು ಇವರು. ಅವನು ಫೋನು ಜೇಬಿಗೆ ಹಾಕ್ಕೊಂಡ.

ಕ್ಲಚ್ ಪೆಡಲಿಂದ ಹೊರಡೋ ಕೇಬಲ್, ನಮ್ಮ ಕಾಲಿಗೂ ಇಂಜಿನ್ನಿಗೂ ಮಧ್ಯ ಇರೋ ತಗಡಿನ ತೂತಿನಿಂದ ಆಚೆ ಹೋಗಿ, ಒಂದು ದೊಡ್ಡ ಬಳಸು ಬಳಸಿ, ಗೇರ್‌ಬಾಕ್ಸಿನ ಹತ್ತಿರದ ಲಿವರನ್ನ ಎಳೆಯುತ್ತೆ. ಆ ದಾರೀಲಿ ಅದು ಒಂದು ಕ್ಲಿಪ್ಪಿನೊಳಗೆ ಕೂತಿರಬೇಕು. ನಮ್ಮದು ಕೂತಿರಲಿಲ್ಲ. ಕ್ಲಿಪ್ಪಿನ ಜಾಗದಲ್ಲಿ ಬೇರೆ ಏನೋ ಇತ್ತು. ಕಪ್ಪಗೆ, ಎಣ್ಣೆ ಜಿಡ್ಡು ಹಿಡಿದು, ಅಂಗೈ ತುಂಬೋಷ್ಟು ದಪ್ಪ ಗಂಟು. ನಾನು ಇಲಿ ಗೂಡು ಅಂದುಕೊಂಡೆ. ಮೆಕ್ಯಾನಿಕ್ಕು ಮುಟ್ಟಲಿಲ್ಲ. ‘ಅದೇ ಸರ್, ನಿಮ್ಮ ದಾರ’ ಅಂದ.

ಆಯುಧ ಪೂಜೆ ದಿನ ಇವರು ಗಾಡಿಗೆ ಮಾಡೋ ಉಪಚಾರ ನಮ್ಮ ಮಗಳ ಬಾಣಂತನದಲ್ಲೂ ನಡೆದಿಲ್ಲ. ತೊಳೆದು, ಒರೆಸಿ, ಬಾಳೆಕಂದು ಕಟ್ಟಿ, ನಮ್ಮ ಬೀದಿಯ ಗಣಪತಿ ಗುಡಿ ಮುಂದೆ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣು, ಮೇಲೆ ಬೂದುಗುಂಬಳಕಾಯಿ ನಿವಾಳಿಸೋದು. ಅರ್ಚಕರು ಮಂತ್ರ ಹೇಳಿ ಸ್ಟೀರಿಂಗಿಗೆ ಕೆಂಪು ದಾರ ಕಟ್ಟುತ್ತಾರೆ. ಸ್ಟೀರಿಂಗಿನ ಮೇಲೆ ದಾರ ಇದ್ದರೆ ಇವರ ಕೈಗೆ ಹಿಡಿತ ಬರಲ್ಲ, ಡ್ರೈವರ್ ಕೈ ಅಲ್ಲವಾ. ಬಿಚ್ಚಿ ಎಸೆಯೋಕೆ ದೇವರ ದಾರ. ಅದಕ್ಕೆ ಮನೆಗೆ ಬಂದ ತಕ್ಷಣ ಬಾನೆಟ್ ಎತ್ತಿ ಕೈಗೆ ಸಿಕ್ಕ ಜಾಗಕ್ಕೆ ಕಟ್ಟಿಬಿಡ್ತಿದ್ದರು. ಬಾನೆಟ್ ಎತ್ತೋದು ವರ್ಷಕ್ಕೆ ಇದೊಂದೇ ಸಲ. ಕೈಗೆ ಸಿಕ್ತಿದ್ದ ಜಾಗ ಪ್ರತಿ ವರ್ಷ ಅದೇ, ಕ್ಲಿಪ್ಪಿನ ಹತ್ತಿರ. ಹಳೇ ದಾರದ ಮೇಲೆ ಹೊಸ ದಾರ, ಅದರ ಮೇಲೆ ಅರಿಶಿನ ಕುಂಕುಮ, ಅದರ ಮೇಲೆ ವರ್ಷದ ಧೂಳು. ಹಿಂದಿನ ಸಲ ಕೇಬಲ್ ಬದಲಾಯಿಸುವಾಗ ಮೆಕ್ಯಾನಿಕ್ಕಿಗೆ ಆ ಗಂಟು ಅಡ್ಡ ಬಂದಿದೆ. ‘ದೇವರದು ಸರ್, ಕತ್ತರಿಸೋಕೆ ಮನಸ್ಸು ಬರಲಿಲ್ಲ. ಪಕ್ಕದಿಂದ ಎಳೆದು ಹಾಕ್ಬಿಟ್ಟೆ’ ಅಂದ. ಪಕ್ಕದಿಂದ ಎಳೆದ ಕೇಬಲ್ ಅಷ್ಟು ದಿನ ಸೊಟ್ಟಗೆ ನಿಂತು, ತಗಡಿನ ಅಂಚಿಗೆ ಉಜ್ಜಿಕೊಂಡೇ ಕೆಲಸ ಮಾಡಿದೆ. ಭಕ್ತಿ ಇಬ್ಬರದೂ ದೊಡ್ಡದು, ಹೊರೆ ಬಿದ್ದಿದ್ದು ಕೇಬಲ್ ಮೇಲೆ.

ಈಗಲೂ ಅದನ್ನ ಯಾರು ಕತ್ತರಿಸಬೇಕು ಅಂತ ಒಂದು ಪಂಚಾಯ್ತಿ ನಡೀತು. ‘ಗಾಡಿ ನಿಮ್ಮದು ಸರ್, ನೀವೇ ಮಾಡಿ’ ಅಂತ ಅವನು. ‘ಕೆಲಸ ನಿಂದು ಕಣಪ್ಪ’ ಅಂತ ಇವರು. ಪಕ್ಕದ ಪಂಚರ್ ಅಂಗಡಿಯವನು ಬಂದು ಶುಕ್ರವಾರ ಬೇಡ ಅಂದ. ನನಗೆ ತಲೆ ಕೆಟ್ಟುಹೋಯ್ತು. ‘ಕೊಡಪ್ಪ ಇಲ್ಲಿ ಕತ್ತರಿ’ ಅಂತ ಇಸ್ಕೊಂಡು, ಬ್ಯಾಂಡೇಜ್ ಬಿಚ್ಚುವಾಗ ಹೆಂಗೆ ಒಂದು ಮಗ್ಗುಲಿಂದ ಕತ್ತರಿ ತೂರಿಸ್ತೀವೋ ಹಂಗೆ ತೂರಿಸಿ ಕಚಕ್ ಅನ್ನಿಸಿದೆ. ‘ಕೋಪ ಬಂದ್ರೆ ಗಣಪತಿಗೆ ನನ್ನ ಮೇಲೆ ಬರಲಿ’ ಅಂದೆ. ಗಂಡಸರು ಮೂವರೂ ಕೆನ್ನೆ ಕೆನ್ನೆ ಹೊಡ್ಕೊಂಡರು. ಗಂಟನ್ನ ಪೇಪರಿನಲ್ಲಿ ಸುತ್ತಿ ತಂದು ತುಳಸಿ ಕಟ್ಟೆಗೆ ಹಾಕಿದೆ.

ಕೇಬಲ್ ಹೊರಗೆ ಎಳೆದಾಗ ನಾನು ಹತ್ತಿರ ಹೋಗಿ ನೋಡಿದೆ. ಮೇಲಿನ ಕಪ್ಪು ಕವಚ ಒಂದು ಕಡೆ ಸವೆದು ಹರಿದು ಒಳಗಿನ ಉಕ್ಕಿನ ಸುರುಳಿ ಕಾಣ್ತಿತ್ತು. ಒಳಗಿನ ತಂತಿಯ ಕೆಲವು ಎಳೆ ಕಿತ್ತು ಮುಳ್ಳಿನ ಹಾಗೆ ಎದ್ದಿದ್ದವು. ತಗಡಿನ ತೂತು ದುಂಡಗಿರಬೇಕಾದದ್ದು ಒಂದು ಪಕ್ಕಕ್ಕೆ ಹಿಗ್ಗಿ ಮೊಟ್ಟೆ ಆಕಾರ ಆಗಿತ್ತು. ಪೆಡಲ್ ತಿರುಗೋ ಕಡೆ ಇರೋ ಬುಷ್ಷು, ಅಂದರೆ ಒಂದು ಬಳೆ ಥರದ್ದು, ಅದೂ ಒಂದೇ ಕಡೆ ತಿಂದುಹೋಗಿತ್ತು. ಒಂದೇ ಮಗ್ಗುಲಿಗೆ ಮಲಗಿದ ರೋಗಿಗಳಿಗೆ ಹಾಸಿಗೆ ಹುಣ್ಣಾಗುತ್ತಲ್ಲ, ನನಗೆ ಅದೇ ಜ್ಞಾಪಕ ಬಂತು. ಬರೀ ಕೇಬಲ್ ಬದಲಾಯಿಸಿದರೆ ಸಾಲದು ಅಂದ ಮೆಕ್ಯಾನಿಕ್ಕು. ತೂತು ಸೊಟ್ಟ ಇದ್ದರೆ ಹೊಸ ಕೇಬಲ್ಲೂ ಸೊಟ್ಟಗೇ ನಿಲ್ಲುತ್ತೆ. ಆ ಜಾಗಕ್ಕೆ ದಪ್ಪ ತಗಡಿನ ಬಿಲ್ಲೆ ಇಟ್ಟು ವೆಲ್ಡ್ ಮಾಡಿ, ದುಂಡಗೆ ಕೊರೆದು, ಅರ ಹಾಕಿ ನುಣುಪು ಮಾಡಬೇಕು. ಕೇಬಲ್ ಜೆ.ಸಿ. ರಸ್ತೇಲಿ ಹುಡುಕಿದರೆ ಸಿಗಬಹುದು. ಬುಷ್ಷು ಅಂಗಡೀಲಿ ಸಿಗೋ ಮಾತೇ ಇಲ್ಲ, ಲೇತಿನಲ್ಲಿ ಕಡೆಸಿ ಹೊಸದಾಗಿ ಮಾಡಿಸಬೇಕು. ‘ಆಗಲಿ, ಎಲ್ಲಾ ಮಾಡು, ನಿಧಾನಕ್ಕೆ ಮಾಡು’ ಅಂದರು ಇವರು. ಕಾಯೋದು ಅಂದರೆ ಮೈ ಪರಚಿಕೊಳ್ಳೋ ಮನುಷ್ಯ ನಿಧಾನಕ್ಕೆ ಮಾಡು ಅಂದದ್ದು ನಾನು ಅವತ್ತೇ ಕೇಳಿದ್ದು.

ಗ್ಯಾರೇಜಿನಿಂದಲೇ ಮಗಳಿಗೆ ಫೋನು ಹೋಯ್ತು. ‘ಕೇಬಲ್ಲಮ್ಮಾ! ಕೇಬಲ್ ಸವೆದಿತ್ತು! ನಿಮ್ಮಮ್ಮನೂ ನೋಡಿದಾಳೆ ಬೇಕಾದ್ರೆ ಕೇಳು’ ಅಂತ ಓಣಿಗೆಲ್ಲ ಕೇಳೋ ಹಾಗೆ ಕೂಗಿದರು. ಅವಳಿಗೂ ಸಂತೋಷವೇ ಆಯ್ತು, ‘ಸಾರಿ ಅಪ್ಪಾ’ ಅಂದಳಂತೆ. ಆ ಸಾರಿಯನ್ನ ಇವರು ಅತ್ತಿಗೆಗೆ ಹೇಳಿದರು, ಪೇಪರ್ ಅಂಗಡಿಯವನಿಗೆ ಹೇಳಿದರು, ಮಾರನೇ ದಿನ ಬೆಳಿಗ್ಗೆ ಹೂವಿನವಳಿಗೂ ಹೇಳಿದರು.

ಗಾಡಿ ಗ್ಯಾರೇಜಿನಲ್ಲಿದ್ದ ಆ ದಿನಗಳು, ನಿಜ ಹೇಳಬೇಕು ಅಂದರೆ, ಸ್ಟ್ರೋಕ್ ಆದ ಮೇಲೆ ನಮ್ಮ ಮನೆ ಕಂಡ ಒಳ್ಳೇ ದಿನಗಳು. ದಿನಾ ಸ್ನಾನ ಮಾಡಿ, ಇಸ್ತ್ರಿ ಷರ್ಟು ಹಾಕ್ಕೊಂಡು, ಆಟೋ ಹಿಡಿದು ಮಾವಳ್ಳಿಗೆ ಹೋಗಿ ಕೂತ್ಕೊಳ್ಳೋರು. ಬುಷ್ಷಿನ ಕೆಲಸ ಹೇಗೆ ನಡೀತಿದೆ ಅಂತ ನೋಡೋಕೆ ಲೇತಿನವನ ತಲೆ ತಿನ್ನೋರು. ಸಂಜೆ ಬಂದು ನನಗೆ ವರದಿ. ಮೊದಲ ಬುಷ್ಷು ಕೂದಲೆಳೆ ದಪ್ಪ ಆಯ್ತು, ಎರಡನೇದು ಸರಿ ಕೂತ್ಕೊಂಡ್ತು, ವೆಲ್ಡಿಂಗ್ ಚೆನ್ನಾಗಿ ಬಂದಿದೆ. ನಾನು ಹೂಂ ಹೂಂ ಅಂತ ಮುದ್ದೆ ಕಟ್ಟಿ ಬಡಿಸ್ತಿದ್ದೆ. ಎರಡು ಮುದ್ದೆ ತಿಂದು ಮತ್ತೆ ಸಾರು ಕೇಳೋರು. ನನಗೂ ಮನಸ್ಸು ಹಗುರವಾಗಿತ್ತು, ಹೆಸರುಬೇಳೆ ಪಾಯಸ ಮಾಡಿದ್ದೆ.

ರಬ್ಬರ್ ಬೆಲ್ಟು ಮಾತ್ರ ಗೂಟದಲ್ಲೇ ನೇತಾಡ್ತಿತ್ತು. ಫಿಸಿಯೋಥೆರಪಿಯವಳಿಗೆ ಇವರೇ ಫೋನು ಮಾಡಿ, ‘ಸ್ವಲ್ಪ ದಿನ ಬರಬೇಡಮ್ಮ, ಕಾಲಿಗೇನೂ ತೊಂದರೆ ಇಲ್ಲ, ಗಾಡೀದೇ ತೊಂದರೆ ಇತ್ತು’ ಅಂದುಬಿಟ್ಟರು. ನನ್ನ ಎದುರಿಗೇ ಅಂದದ್ದು. ನಾನು ಅಂಗೈ ಒಡ್ಡಿ, ‘ಎಲ್ಲಿ, ಪಾದದಿಂದ ಇದನ್ನ ತಳ್ಳಿ ನೋಡೋಣ’ ಅಂದಿದ್ದರೆ ಕಾಲಿನ ಬಲ ಎಷ್ಟಿದೆ ಅಂತ ಒಂದು ಕ್ಷಣದಲ್ಲಿ ನನಗೆ ಗೊತ್ತಾಗಿಬಿಡೋದು. ವಾರ್ಡಿನಲ್ಲಿ ರೌಂಡ್ಸ್ ಮುಂಚೆ ದಿನಾ ಮಾಡ್ತಿದ್ದ ಕೆಲಸ ಅದು, ನಿದ್ದೆಗಣ್ಣಲ್ಲೂ ಮಾಡಬಲ್ಲೆ. ಮಂಚದ ತುದಿಗೆ ಕೂತಾಗ ಇವರ ಕಾಲು ನನ್ನ ಕೈಗೆ ಎಟುಕೋ ಹಾಗೇ ಇರ್ತಿತ್ತು. ನಾನು ಕೈ ಒಡ್ಡಲಿಲ್ಲ. ಪಾಯಸ ಇನ್ನೊಂದು ಬಟ್ಟಲು ಹಾಕಲಾ ಅಂತ ಕೇಳಿದೆ.

ಗಾಡಿ ರೆಡಿಯಾದ ದಿನ, ‘ನೀನೂ ಬಾರೇ, ಬರ್ತಾ ಗಾಡೀಲೇ ಬರೋಣ’ ಅಂದರು. ಹೋದೆ. ಮೆಕ್ಯಾನಿಕ್ಕು ಬಾನೆಟ್ ಎತ್ತಿ ತೋರಿಸಿದ. ಹೊಸ ಕೇಬಲ್ ಕ್ಲಿಪ್ಪಿನೊಳಗೆ ನೀಟಾಗಿ ಕೂತು, ಒಂದೇ ಬಳಸಿನಲ್ಲಿ ಇಳಿದಿತ್ತು. ನಾನು ಡ್ರೈವರ್ ಕಡೆ ಬಾಗಿಲ ಹತ್ತಿರವೇ ನಿಂತಿದ್ದೆ. ಅವನು ಖುಷಿಯಲ್ಲಿ, ‘ಅಮ್ಮ, ಕಾಲು ಬೇಡ, ಸುಮ್ನೆ ಬಗ್ಗಿ ಕೈಲಿ ಒತ್ತಿ ನೋಡಿ’ ಅಂದ. ಬಗ್ಗಿ ಅಂಗೈ ಇಟ್ಟು ಒತ್ತಿದೆ. ನಾದಿದ ಹಿಟ್ಟಿನೊಳಗೆ ಬೆರಳು ಇಳಿದ ಹಾಗೆ ಕೆಳಗೆ ಹೋಯ್ತು. ಕೈ ತೆಗೆದರೆ ತಟ್ ಅಂತ ವಾಪಸ್. ‘ಬೆಣ್ಣೆ, ಬೆಣ್ಣೆ! ಎರಡನೇ ಕ್ಲಾಸ್ ಮಗುನೂ ಒತ್ತಬಹುದು’ ಅಂದ ಅವನು. ಆಮೇಲೆ ಇವರು ಕೂತರು. ಕೂತು, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಒತ್ತಿದರು. ನಾನು ಅವರ ಮುಖವನ್ನೇ ನೋಡ್ತಿದ್ದೆ. ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನೊಂದು ಸಲ ಒತ್ತಿದರು. ‘ಹೆಂಗಿದೆ ಸರ್?’ ಅಂದ ಮೆಕ್ಯಾನಿಕ್ಕು. ‘ಚೆನ್ನಾಗಿದೆ’ ಅಂದರು. ನಾನು ಸುತ್ತಿಕೊಂಡು ಹೋಗಿ ಆ ಕಡೆಯಿಂದ ಹತ್ತಿ ಕೂತೆ.

ಓಣಿ ದಾಟಿ ದೊಡ್ಡ ರಸ್ತೆಗೆ ಬಂದ್ವಿ. ಮೊದಲ ಸಿಗ್ನಲ್ಲಿನಲ್ಲಿ ಹೊರಡುವಾಗ ಗಾಡಿ ಎಗರಿ ಆಫ್ ಆಯ್ತು. ‘ಹೊಸ ಕೇಬಲ್ಲು, ಇನ್ನೂ ಬಿಗಿ ಇದೆ’ ಅಂದರು. ಹೌದು ಅಂದೆ. ಲಾಲ್‌ಬಾಗಿನ ಗೋಡೆ ಪಕ್ಕದಲ್ಲಿ ಮುಂದೆ ಬಸ್ಸು ನಿಂತಿತು, ನಾವು ಅದರ ಹಿಂದೆ. ಇವರ ಉಸಿರಾಟ ನನಗೆ ಕೇಳಿಸ್ತಿತ್ತು. ನಾನು ಕಿಟಕಿಯಾಚೆ ನೋಡ್ತಾ ಕೂತಿದ್ದೆ, ನೋಡದೆ ಇರೋಣ ಅಂತಲೇ ಕೂತಿದ್ದೆ, ಆಗಲಿಲ್ಲ. ಕೆಳಗೆ ನೋಡಿದೆ. ಕ್ಲಚ್ಚಿನ ಮೇಲಿದ್ದ ಕಾಲು ನಡುಗ್ತಿತ್ತು. ತೊಡೆಯಿಂದ ಶುರುವಾಗಿ ಪ್ಯಾಂಟಿನ ಮಡಿಕೆ ತನಕ, ಸಣ್ಣಗೆ, ನಿಲ್ಲದೆ. ಇವರು ಎಡಗೈಯನ್ನ ಗೇರಿನಿಂದ ತೆಗೆದು ಮಂಡಿ ಮೇಲೆ ಇಟ್ಟು ಅದುಮಿ ಹಿಡಿದರು. ಬಸ್ಸು ಹೊರಟಿತು. ಒಂದೊಂದೇ ಗೇರಿನಲ್ಲಿ, ಬಹಳ ಜಾಗ್ರತೆಯಾಗಿ, ಲೈಸೆನ್ಸ್ ಟೆಸ್ಟಿಗೆ ಬಂದವರ ಹಾಗೆ ಓಡಿಸ್ಕೊಂಡು ಮನೆ ತನಕ ತಂದರು.

ಗೇಟಿನ ಮುಂದೆ ನಿಲ್ಲಿಸಿ ಇಂಜಿನ್ ಆಫ್ ಮಾಡಲಿಲ್ಲ. ಮುಂದಿನ ಗಾಜನ್ನೇ ನೋಡ್ತಾ, ‘ಅವನು ನಿನ್ನ ಕೈಲಿ ಒತ್ತಿಸಿದನಲ್ಲ, ನಿನಗೆ ಹೇಗನ್ನಿಸ್ತು?’ ಅಂದರು.

ಆಸ್ಪತ್ರೇಲಿ ರೋಗಿಗಳು ಇಂಥ ಪ್ರಶ್ನೆ ಕೇಳಿದಾಗ ನಮಗೆ ಒಂದು ಉತ್ತರ ಇರ್ತಿತ್ತು. ಡಾಕ್ಟ್ರು ರೌಂಡ್ಸಿಗೆ ಬರ್ತಾರೆ, ಅವರನ್ನೇ ಕೇಳಿ. ಅಷ್ಟು ಹೇಳಿ ಟ್ರೇ ತಗೊಂಡು ಮುಂದಿನ ಮಂಚಕ್ಕೆ ಹೋಗಿಬಿಡಬಹುದಿತ್ತು. ಇಲ್ಲಿ ಮುಂದಿನ ಮಂಚ ಇರಲಿಲ್ಲ. ಸ್ವಲ್ಪ ಗಟ್ಟಿ ಇತ್ತು ರೀ, ಅಂತ ಹೇಳಬಹುದಿತ್ತು. ಹೇಳಿದ್ದರೆ ನಂಬೋರು, ಮತ್ತೆ ಮಾವಳ್ಳಿಗೆ ಹೋಗೋರು, ಮತ್ತೆ ಬುಷ್ಷು, ಮತ್ತೆ ಲೇತು, ಇನ್ನೊಂದಷ್ಟು ದಿನ ಇಸ್ತ್ರಿ ಷರ್ಟು. ಮಾತು ನಾಲಿಗೆ ತುದಿಗೆ ಬಂದಿತ್ತು.

‘ಹಗುರ ಇತ್ತು ರೀ’ ಅಂದೆ.

‘ಬಹಳ ಹಗುರನಾ?’

‘ಬಹಳ.’

ಇವರು ತಲೆ ಆಡಿಸಿದರು. ಇಂಜಿನ್ ಆಫ್ ಮಾಡಿದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ, ಇವರು ನೋಡದ ಹಾಗೆ ಕೂತಿದ್ದರು. ಆಮೇಲೆ ಜೇಬಿನಿಂದ ಫೋನು ತೆಗೆದು ಮಗಳ ನಂಬರ್ ಒತ್ತಿದರು. ಅವಳು ಆಫೀಸಿನಲ್ಲಿದ್ದಳು ಅಂತ ಕಾಣುತ್ತೆ, ಹಿಂದೆ ಗದ್ದಲ ಇತ್ತು.

‘ಪುಟ್ಟಾ, ಗಾಡಿ ಬಂತು ಕಣಮ್ಮ. ಫಸ್ಟ್ ಕ್ಲಾಸಾಗಿ ಮಾಡಿಕೊಟ್ಟಿದಾನೆ’ ಅಂದರು. ‘ಭಾನುವಾರ ಬಂದು ನೀನೇ ತಗೊಂಡ್ಹೋಗ್ಬಿಡು.’

ಅವಳು ಗಾಬರಿಯಾಗಿ ಏನೋ ಕೇಳಿದಳು. ಏನು ಕೇಳಿದಳು ಅಂತ ನನಗೆ ಕೇಳಿಸಲಿಲ್ಲ, ಇವರು ಹೇಳಿದ್ದು ಮಾತ್ರ ಕೇಳಿಸ್ತು.

‘ಇಲ್ಲಮ್ಮ, ಗಾಡಿಗೇನೂ ಆಗಿಲ್ಲ’ ಅಂದರು.